ರೊಟ್ಟಿ ಮಡಚಿದರೆ ಟಾಕೊ

ಓದಲು, ದುಡಿಯಲು ಬೆಂಗಳೂರು, ಪುಣೆಗೆ ಹೋದ ರಾಮದುರ್ಗದ ಹುಡುಗರಿಗೆ ಮೆಕ್ಸಿಕನ್ ರ‍್ಯಾಪ್ ಹೊಸದಲ್ಲ. ಆದರೆ ಹೊಟ್ಟೆ ಉಬ್ಬರ, ನುಲಿತ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಎಂದು ನರಳಿ, ಕೊನೆಗೆ ವೈದ್ಯರಿಂದ ಐಬಿಎಸ್ (ಕರುಳು ಕೆರಳುವ ತೊಂದರೆ) ಎಂದು ಹೇಳಿಸಿಕೊಂಡು ಲೋ ಫಾಡ್‌ಮ್ಯಾಪ್ ಪಥ್ಯ ಹಿಡಿದವರು ಮೊದಲು ಕೈಬಿಡಬೇಕಾದದ್ದೇ ಅದನ್ನು. ಮೈದಾ ಹಾಳೆ, ಒಳಗೆ ರಾಜ್ಮಾ, ಮೇಲೆ ಈರುಳ್ಳಿ: ಮೂರೂ ವರ್ಜ್ಯ.

ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸ್ಯೂ ಶೆಫರ್ಡ್ 2005ರಲ್ಲಿ ಮುಂದಿಟ್ಟ ವಿಚಾರವೇ ಈ ಪಥ್ಯದ ಬುಡ. ಫಾಡ್‌ಮ್ಯಾಪ್ ಎಂಬ ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿಯುತ್ತವೆ. ದಾರಿಯಲ್ಲಿ ನೀರೆಳೆಯುತ್ತವೆ, ಅಲ್ಲಿ ಹುದುಗೆದ್ದು ಗಾಳಿ ತುಂಬುತ್ತವೆ. ಗೋಧಿ, ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲಿ ಫ್ರಕ್ಟಾನ್, ಕಾಳುಗಳಲ್ಲಿ ಗ್ಯಾಲಕ್ಟಾನ್. ಬಿಳಿಜೋಳದ ಹಿಟ್ಟಿನಲ್ಲಿ ಇವು ಕಡಿಮೆ. ಮಲಪ್ರಭೆಯ ದಂಡೆಯ ಎರಿಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಅದೇ ಜೋಳ. ಮೆಕ್ಸಿಕೋದ ಮೂಲ ಟೋರ್ಟಿಯಾ ಕೂಡ ಗೋಧಿಯದಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದ ಗೋವಿನಜೋಳದ್ದು. ಗೋಧಿ ಅಲ್ಲಿಗೆ ಹೋದದ್ದು ಸ್ಪೇನಿನವರ ಕೈಯಲ್ಲಿ.

ಜೋಳದಲ್ಲಿ ಗೋಧಿಯ ಅಂಟಾದ ಗ್ಲುಟೆನ್ ಇಲ್ಲ, ಆರಿದ ರೊಟ್ಟಿ ಮಡಚಿದರೆ ಸೀಳುತ್ತದೆ. ಅದಕ್ಕೇ ನಮ್ಮ ಅವ್ವಂದಿರು ಕುದಿಯುವ ಎಸರು ಹಾಕಿ ನಾದುತ್ತಾರೆ. ಬಿಸಿನೀರಿಗೆ ಪಿಷ್ಟ ಬೆಂದು ಅಂಟು ಬರುತ್ತದೆ. ಹಂಚಿನಿಂದ ಇಳಿದದ್ದೇ ಅರಿವೆಯಲ್ಲಿ ಸುತ್ತಿಟ್ಟು, ಬೆಚ್ಚಗಿರುವಾಗಲೇ ಟಾಕೊದಂತೆ ಅರ್ಧಕ್ಕೆ ಮಡಚಬೇಕು. ಕಟಿ ರೊಟ್ಟಿ ಈ ಕೆಲಸಕ್ಕೆ ಬಾರದು.

ಕಷ್ಟವಿರುವುದು ರೊಟ್ಟಿಯಲ್ಲಲ್ಲ, ಅದರ ಜೊತೆಯವರಲ್ಲಿ. ಹಸಿ ಉಳ್ಳಾಗಡ್ಡಿ ಕಚ್ಚದೆ ಊಟವೇ ಇಳಿಯದ ಊರು ನಮ್ಮದು. ಗಡ್ಡೆ ಬಿಡಿ, ಹಸಿರು ತಪ್ಪಲಷ್ಟೇ ಸಣ್ಣಗೆ ಹೆಚ್ಚಿಕೊಳ್ಳಿ. ಆ ಭಾಗ ಹೊಟ್ಟೆಗೆ ಒಗ್ಗುತ್ತದೆ. ಬಳ್ಳೊಳ್ಳಿಯ ಎಸಳುಗಳನ್ನು ಇಡಿಯಾಗಿ ಎಣ್ಣೆಯಲ್ಲಿ ಹುರಿದು ತೆಗೆದುಬಿಡಿ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಘಮ ಮಾತ್ರ ಉಳಿಯುತ್ತದೆ. (ಆ ಎಣ್ಣೆಯನ್ನು ಅಂದಂದೇ ಮುಗಿಸಿ, ಹೊರಗಿಟ್ಟರೆ ಅಪಾಯ.) ಅದರಲ್ಲಿ ತತ್ತಿ ಅಥವಾ ಕೋಳಿ ಹುರಿದು, ಗಜ್ಜರಿ, ಸೌತೆಕಾಯಿ, ಸ್ವಲ್ಪ ಟೊಮೆಟೊ, ಕೊತ್ತಂಬರಿ ಸೇರಿಸಿ ಲಿಂಬಿ ಹಿಂಡಿ. ಮಾಂಸ ತಿನ್ನದವರಿಗೆ ಎಣ್ಣೆಗಾಯಿ ಬದನೆ ಇದೆ. ಮಸಾಲೆಗೆ ಶೇಂಗಾ, ಎಳ್ಳು ಸಾಕು. ಶೇಂಗಾ ಚಟ್ನಿಯನ್ನೂ ಬಳ್ಳೊಳ್ಳಿಯಿಲ್ಲದೆ ಕುಟ್ಟಿಸಿಕೊಳ್ಳಿ. ಮೆಣಸಿನಕಾಯಿಯ ಖಾರ ಫಾಡ್‌ಮ್ಯಾಪ್ ಅಲ್ಲ, ಆದರೂ ಕೆಲವರ ಕರುಳನ್ನು ಕೆಣಕುತ್ತದೆ. ಶೇಂಗಾ, ಟೊಮೆಟೊ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡಗಳಿಂದ ಬಂದು ನಮ್ಮ ತಾಟಿನಲ್ಲಿ ನೆಲೆಸಿದವು. ಟಾಕೊಗೂ ರೊಟ್ಟಿಗೂ ಹೀಗೆ ಹಳೆಯ ನಂಟಿದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಗೋಧಿ ಬಿಡುವ ಮುನ್ನ ಸೀಲಿಯಾಕ್ (ಗ್ಲುಟೆನ್ ಒಗ್ಗದ ರೋಗ) ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ರೋಗ ಇದ್ದರೂ ಕಾಣದಿರಬಹುದು. ಕಟ್ಟುನಿಟ್ಟಿನ ಪಥ್ಯ ಎರಡರಿಂದ ಆರು ವಾರ ಮಾತ್ರ, ಅದೂ ಆಹಾರತಜ್ಞರ ಕಣ್ಗಾವಲಿನಲ್ಲಿ. ಆಮೇಲೆ ಒಂದೊಂದನ್ನೇ ಮರಳಿ ತಿಂದು ನೋಡಬೇಕು: ಇಂದು ಎರಡು ಚಮಚ ಮಡಕಿಕಾಳು ಪಲ್ಲೆ, ಹೊಟ್ಟೆ ಸುಮ್ಮನಿದ್ದರೆ ಮರುದಿನ ಇನ್ನಷ್ಟು. ಎಷ್ಟೋ ಜನರಿಗೆ ಕಾಳು ಒಗ್ಗುತ್ತದೆ, ಉಳ್ಳಾಗಡ್ಡಿಯಷ್ಟೇ ಒಗ್ಗುವುದಿಲ್ಲ.