ಗೆಡ್ಡೆಯೊಳಗಿನ ಬುತ್ತಿ: ಹಿತ್ತಲಲ್ಲಿ ಲಿಲ್ಲಿ ಹೂ ಬೆಳೆಸೋಣ



ಅಡುಗೆಮನೆಯ ಬುಟ್ಟಿಯಲ್ಲಿ ಈರುಳ್ಳಿ ಇಟ್ಟಿರುತ್ತೀರಿ. ಒಂದಷ್ಟು ದಿನ ಅದನ್ನು ಮುಟ್ಟದೇ ಬಿಟ್ಟರೆ ಏನಾಗುತ್ತದೆ? ಅದರ ತಲೆಯಲ್ಲಿ ಹಸಿರು ಮೊಳಕೆ ಬರುತ್ತದೆ. ಅದಕ್ಕೆ ಮಣ್ಣು ಹಾಕಿದವರು ಯಾರು? ಯಾರೂ ಇಲ್ಲ. ನೀರು ಹಾಕಿದವರು? ಅವರೂ ಇಲ್ಲ. ಹಾಗಾದರೆ ಆ ಮೊಳಕೆಗೆ ಊಟ ಎಲ್ಲಿಂದ ಬಂತು?

ಈರುಳ್ಳಿಯ ಒಳಗಿಂದಲೇ ಬಂತು. ಈರುಳ್ಳಿಯ ದಪ್ಪ ಪದರಗಳು ಗಿಡ ಕೂಡಿಟ್ಟ ಆಹಾರ. ನಾವು ದೂರದ ಊರಿಗೆ ಹೋಗುವಾಗ ಬುತ್ತಿ ಕಟ್ಟಿಕೊಳ್ಳುತ್ತೇವೆ ಅಲ್ವಾ? ಹಾಗೆಯೇ ಗಿಡವೂ ಕಷ್ಟದ ಕಾಲಕ್ಕೆ ಬುತ್ತಿ ಕಟ್ಟಿಡುತ್ತದೆ. ಆ ಬುತ್ತಿಯೇ ಗೆಡ್ಡೆ.

ಹೂ ಬಿಡುವ ಎಷ್ಟೋ ಗಿಡಗಳು ಹೀಗೆ ಗೆಡ್ಡೆ ಕಟ್ಟುತ್ತವೆ. ಈ ಬುತ್ತಿಯ ಗುಟ್ಟು ತಿಳಿದವರಿಗೆ ವರ್ಷ ವರ್ಷವೂ ಹೂ ಸಿಗುತ್ತದೆ. ತಿಳಿಯದಿದ್ದರೆ ಒಂದೇ ವರ್ಷ ಹೂ. ಆಮೇಲೆ ಬರೀ ಎಲೆ.

ಯಾವ ಹೂ ಬೆಳೆಸಬಹುದು?

ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಸುಲಭವಾಗಿ ಬರುವ ಮೂರು ಗೆಡ್ಡೆ ಹೂಗಳಿವೆ.

ಒಂದು, ಕೆಂಪು ಲಿಲ್ಲಿ. ನರ್ಸರಿಯಲ್ಲಿ ಇದನ್ನು ಅಮರಿಲ್ಲಿಸ್ ಅಂತಾರೆ. ಯುಗಾದಿಯ ಆಸುಪಾಸಿನಲ್ಲಿ, ಮಾರ್ಚ್‌ನಿಂದ ಮೇ ತಿಂಗಳ ಒಳಗೆ ಹೂ ಬಿಡುತ್ತದೆ. ಉದ್ದನೆಯ ಟೊಳ್ಳು ದಂಟು, ಅದರ ತುದಿಯಲ್ಲಿ ತುತ್ತೂರಿಯಂಥ ದೊಡ್ಡ ಹೂಗಳು. ಇದರ ತವರು ದಕ್ಷಿಣ ಅಮೆರಿಕ.

ಎರಡು, ಫುಟ್‌ಬಾಲ್ ಲಿಲ್ಲಿ. ಮೇ ಹೂ ಅಂತಲೂ ಕರೀತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ನೆಲದಿಂದ ದಂಟು ಮೇಲೆ ಬರುತ್ತದೆ. ಅದರ ಮೇಲೆ ಕೆಂಪು ಚೆಂಡಿನಂಥ ಹೂ. ಇದರ ತವರು ಆಫ್ರಿಕ.

ಮೂರು, ಮಳೆ ಲಿಲ್ಲಿ. ಪುಟ್ಟ ಗಿಡ. ಬಿಳಿ, ಗುಲಾಬಿ, ಹಳದಿ ಬಣ್ಣಗಳಲ್ಲಿ ಬರುತ್ತದೆ. ಬಿಸಿಲಲ್ಲಿ ಒಣಗಿದ ನೆಲಕ್ಕೆ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಹೂ ಅರಳುತ್ತದೆ.

ಸುಗಂಧರಾಜವೂ ಗೆಡ್ಡೆಯಿಂದಲೇ ಬೆಳೆಯುತ್ತದೆ. ಆದರೆ ಕೊಳ್ಳುವಾಗ ಹೆಸರಿನ ಬಗ್ಗೆ ಎಚ್ಚರ. ನಮ್ಮ ಸುಗಂಧರಾಜವನ್ನು ತಮಿಳಿನಲ್ಲಿ ಸಂಪಂಗಿ ಅಂತಾರೆ. ನಮ್ಮ ಸಂಪಿಗೆ ಮರದ ಹೂ. ಅದೇ ಬೇರೆ, ಇದೇ ಬೇರೆ.

ಟ್ಯುಲಿಪ್ ಗೆಡ್ಡೆ ಕೊಳ್ಳಬಹುದೇ?

ಟಿವಿಯಲ್ಲಿ, ಸಿನಿಮಾದಲ್ಲಿ ಟ್ಯುಲಿಪ್ ಹೂವಿನ ತೋಟ ನೋಡಿರುತ್ತೀರಿ. ಕಾಶ್ಮೀರದ ಶ್ರೀನಗರದಲ್ಲಿ ಅಂಥ ದೊಡ್ಡ ತೋಟ ಇದೆ. ಅಲ್ಲಿ ಚಳಿಗಾಲಕ್ಕೆ ಮುಂಚೆ ಗೆಡ್ಡೆ ನೆಡುತ್ತಾರೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಹೂ ಅರಳುತ್ತದೆ.

ಟ್ಯುಲಿಪ್ ಗೆಡ್ಡೆಗೆ ಸುಮಾರು 3 ತಿಂಗಳು ಗಟ್ಟಿ ಚಳಿ ಬೇಕು. ಫ್ರಿಜ್ಜಿನ ಒಳಗೆ ಇರುತ್ತದಲ್ಲ, ಅಂಥ ಚಳಿ. ಅದು ಸಿಗದಿದ್ದರೆ ಹೂವಿನ ದಂಟು ಸರಿಯಾಗಿ ಏಳುವುದಿಲ್ಲ. ನಮ್ಮ ಮಾರ್ಗಶಿರದ ಚಳಿ ಅದಕ್ಕೆ ಸಾಲದು. ಚಂದದ ಚಿತ್ರ ನೋಡಿ ದುಡ್ಡು ಕೊಟ್ಟು ತಂದರೆ ದುಡ್ಡು ಮಣ್ಣುಪಾಲು. ನಮ್ಮ ಹವೆಗೆ ಒಗ್ಗಿದ ಗೆಡ್ಡೆಯೇ ನಮಗೆ ಒಳ್ಳೆಯದು.

ಅದಕ್ಕೆ ದುಡ್ಡೂ ಬೇಕಿಲ್ಲ. ತಾಯಿಗೆಡ್ಡೆಯ ಪಕ್ಕದಲ್ಲಿ ಮರಿಗೆಡ್ಡೆ ಹುಟ್ಟುತ್ತವೆ. ಪಕ್ಕದ ಮನೆಯಲ್ಲಿ ಲಿಲ್ಲಿ ಇದ್ದರೆ ಒಂದು ಕೇಳಿ ತನ್ನಿ. ಆದರೆ ಮರಿಗೆಡ್ಡೆಯಲ್ಲಿ ಬುತ್ತಿ ಕಡಿಮೆ. ಹೂ ಬಿಡಲು 2–3 ವರ್ಷ ಬೇಕು. ಬೇಗ ಹೂ ಬೇಕಾದರೆ ದೊಡ್ಡ ಗೆಡ್ಡೆಯೇ ತನ್ನಿ. ಅದು ಕೈಗೆ ಗಟ್ಟಿಯಾಗಿ, ತೂಕವಾಗಿ ಸಿಗಬೇಕು. ಮೆತ್ತಗಿದ್ದರೆ ಬೇಡ.

ನೆಡುವುದು ಹೇಗೆ?

ಕೆಂಪು ಲಿಲ್ಲಿಯನ್ನು ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ ನೆಡಿ.

1. ಕುಂಡ ಇಲ್ಲದಿದ್ದರೆ ಹಳೆಯ ಬಕೆಟ್ ಅಥವಾ ಎಣ್ಣೆ ಡಬ್ಬ ಸಾಕು. ತಳದಲ್ಲಿ ನಾಲ್ಕೈದು ತೂತು ಮಾಡಿ.
2. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸೆಗಣಿ ಹಾಕಬೇಡಿ.
3. ಗೆಡ್ಡೆಯ ಬೇರಿನ ಭಾಗ ಕೆಳಗೆ, ಚೂಪು ಭಾಗ ಮೇಲೆ ಬರಲಿ.
4. ಕೆಂಪು ಲಿಲ್ಲಿಯ ಗೆಡ್ಡೆಯನ್ನು ಪೂರ್ತಿ ಹೂಳಬಾರದು. ಮೂರನೇ ಒಂದು ಭಾಗ ಮಣ್ಣಿನ ಮೇಲೆ ಕಾಣಬೇಕು.
5. ಬೆಳಗಿನ ಬಿಸಿಲು ಬೀಳುವ ಕಡೆ ಇಡಿ.

ನೆಟ್ಟ ದಿನ ಒಮ್ಮೆ ನೀರು ಕೊಡಿ. ಮೊಳಕೆ ಕಾಣುವ ತನಕ ಮತ್ತೆ ಹೆಚ್ಚು ನೀರು ಬೇಡ. ಗೆಡ್ಡೆಗೆ ಬೇರು ಬಂದಿರುವುದಿಲ್ಲ. ಕುಡಿಯಲಾಗದ ನೀರು ಅಲ್ಲೇ ನಿಂತು ಗೆಡ್ಡೆ ಕೊಳೆಯುತ್ತದೆ. ಎಲೆ ಬಂದ ಮೇಲೆ ಮಣ್ಣಿಗೆ ಬೆರಳು ಇಟ್ಟು ನೋಡಿ. ಒಂದು ಗೆಣ್ಣಿನಷ್ಟು ಆಳ ಒಣಗಿದ್ದರೆ ಮಾತ್ರ ನೀರು ಹಾಕಿ.

ಹೂ ಮುಗಿದ ಮೇಲೆ ಎಲೆ ಕತ್ತರಿಸಬೇಡಿ

ಹೂ ಬಾಡಿದ ಮೇಲೆ ಎಲೆ ಸುಮ್ಮನೆ ಹರಡಿಕೊಂಡಿರುತ್ತದೆ. ನೋಡಲು ಚಂದ ಇರಲ್ಲ. ಕೆಲವರು ಅದನ್ನು ಕತ್ತರಿಸಿ ಎಸೀತಾರೆ. ಆಮೇಲೆ ‘ನಮ್ಮ ಗಿಡ ಈ ವರ್ಷ ಹೂವೇ ಬಿಡ್ಲಿಲ್ಲ’ ಅಂತಾರೆ.

ಯಾಕೆ ಬಿಡಲಿಲ್ಲ? ಎಲೆಯೇ ಗಿಡದ ಅಡುಗೆಮನೆ. ಬಿಸಿಲು, ನೀರು, ಗಾಳಿ ಸೇರಿಸಿ ಎಲೆ ಆಹಾರ ತಯಾರಿಸುತ್ತದೆ. ಆ ಆಹಾರ ಕೆಳಗಿಳಿದು ಗೆಡ್ಡೆ ಸೇರುತ್ತದೆ. ಈ ಯುಗಾದಿಗೆ ಹೂ ಬಿಡುವಾಗ ಹಳೆಯ ಬುತ್ತಿ ಖರ್ಚಾಗಿದೆ. ಮುಂದಿನ ಯುಗಾದಿಯ ಹೂವಿಗೆ ಹೊಸ ಬುತ್ತಿ ಬೇಕು. ಮುಂದಿನ ಮೊಗ್ಗು ಕೂಡ ಗೆಡ್ಡೆಯ ಒಳಗೆ ಮೊದಲೇ ಮೂಡಿರುತ್ತದೆ. ಎಲೆ ಕತ್ತರಿಸಿದರೆ ಅಡುಗೆಮನೆಯನ್ನೇ ಮುಚ್ಚಿದ ಹಾಗೆ.

ಆದ್ದರಿಂದ ಬಾಡಿದ ಹೂವನ್ನು, ಹೂವಿನ ದಂಟನ್ನು ಮಾತ್ರ ಕತ್ತರಿಸಿ. ಎಲೆ ಹಸಿರಾಗಿರುವ ತನಕ ನೀರು ಕೊಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಒಂದು ಹಿಡಿ ಗೊಬ್ಬರ ಹಾಕಿ. ಕಪ್ಪು ಮೈ, ಬಿಳಿ ಚುಕ್ಕೆಯ ಹುಳ ಕಂಡರೆ ಆರಿಸಿ ಸೋಪು ನೀರಿಗೆ ಹಾಕಿ. ಈ ಹುಳ ಬೇಗ ಬೇಗ ಎಲೆ ತಿಂದು ಹಾಕುತ್ತದೆ.

ಹಿಂಗಾರು ಮಳೆ ಜೋರಾದಾಗ ಕುಂಡವನ್ನು ಸೂರಿನ ಕೆಳಗೆ ಇಡಿ. ನವೆಂಬರ್‌ನಿಂದ ಜನವರಿ ತನಕ ನೀರು ತೀರಾ ಕಡಿಮೆ ಮಾಡಿ. ಅದು ಗಿಡ ಮಲಗುವ ಕಾಲ. ಫುಟ್‌ಬಾಲ್ ಲಿಲ್ಲಿಯ ಎಲೆ ಆಗ ಹಳದಿಯಾಗಿ ಪೂರ್ತಿ ಒಣಗುತ್ತದೆ. ನೆಲದ ಮೇಲೆ ಏನೂ ಕಾಣುವುದಿಲ್ಲ. ಗಿಡ ಸತ್ತಿಲ್ಲ. ಒಳಗೆ ಬುತ್ತಿ ಇದೆ.

ಈರುಳ್ಳಿ ಅಂದುಕೊಂಡು ತಿನ್ನಬೇಡಿ

ಈ ಮಾತನ್ನು ಮನೆಯವರಿಗೆಲ್ಲ ಓದಿ ಹೇಳಿ. ಈ ಲಿಲ್ಲಿ ಗೆಡ್ಡೆಗಳು ನೋಡಲು ಈರುಳ್ಳಿಯ ಹಾಗೇ ಇವೆ. ಆದರೆ ಇವು ವಿಷ. ತಿಂದರೆ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ವಾಂತಿ, ಭೇದಿ, ಹೊಟ್ಟೆನೋವು ಬರುತ್ತದೆ. ಚಿಕ್ಕ ಮಕ್ಕಳಿಗೆ, ಆಡು, ನಾಯಿಗಳಿಗೂ ಅಪಾಯ.

ಗೆಡ್ಡೆಯನ್ನು ಅಡುಗೆಮನೆಯಲ್ಲಿ ಇಡಬೇಡಿ. ಈರುಳ್ಳಿ ಬುಟ್ಟಿಯ ಹತ್ತಿರವಂತೂ ಬೇಡವೇ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಯಾರಾದರೂ ತಿಂದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಉಳಿದ ಗೆಡ್ಡೆಯನ್ನು ಚೀಲದಲ್ಲಿ ಹಾಕಿಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ಅದನ್ನು ಡಾಕ್ಟರಿಗೆ ತೋರಿಸಿ.

ನೀವೇ ಬರೆದು ಕಟ್ಟಿ

ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀವು ಊರಿಗೆ ಹೋಗಿದ್ದೀರಿ ಅಂದುಕೊಳ್ಳಿ. ಖಾಲಿ ನೆಲ ನೋಡಿ ಯಾರೋ ಅಗೆಯಬಹುದು. ಮಲಗಿದ್ದ ಗೆಡ್ಡೆ ತುಂಡಾಗಬಹುದು. ಇಲ್ಲವೇ ಈರುಳ್ಳಿ ಅಂತ ಅಡುಗೆಗೆ ಹೋಗಬಹುದು. ನೀವು ಬರೆದ ಚೀಟಿ ಅಲ್ಲಿದ್ದರೆ, ನೀವು ಇಲ್ಲದಾಗಲೂ ಅದು ನಿಮ್ಮ ಮಾತು ಹೇಳುತ್ತದೆ.

ಹಳೆಯ ಪ್ಲಾಸ್ಟಿಕ್ ಡಬ್ಬದ ಒಂದು ತುಂಡು ತೆಗೆದುಕೊಳ್ಳಿ. ಮಳೆಗೆ ಅಳಿಸದ ಪೇಂಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ:

ಇಲ್ಲಿ ಲಿಲ್ಲಿ ಗೆಡ್ಡೆ ಇದೆ.
ಅಗೆಯಬೇಡಿ. ವಿಷ, ತಿನ್ನಬೇಡಿ.
ನೆಟ್ಟ ದಿನ: ..........
ಮೊದಲ ಹೂ ಬಂದ ದಿನ: ..........

ಅದನ್ನು ಕಡ್ಡಿಗೆ ಕಟ್ಟಿ ಗೆಡ್ಡೆಯ ಪಕ್ಕ ನೆಡಿ. ಅಕ್ಷರ ಬಾರದವರು ಮನೆಯಲ್ಲಿದ್ದರೆ ಅವರಿಗೆ ಓದಿ ಹೇಳಿ.

ಉತ್ತರ ಬರೆಯಿರಿ

1. ಗೆಡ್ಡೆಯನ್ನು ಗಿಡದ ಬುತ್ತಿ ಎಂದು ಯಾಕೆ ಕರೆದಿದ್ದೇವೆ?
2. ಹೂ ಮುಗಿದ ಮೇಲೆ ಯಾವುದನ್ನು ಕತ್ತರಿಸಬಹುದು? ಯಾವುದನ್ನು ಕತ್ತರಿಸಬಾರದು?
3. ಲಿಲ್ಲಿ ಗೆಡ್ಡೆಯನ್ನು ಎಲ್ಲಿ ಇಡಬಾರದು? ಯಾಕೆ?
4. ನಿಮ್ಮ ಊರಿನಲ್ಲಿ ಯುಗಾದಿಯ ಹೊತ್ತಿಗೆ ಅರಳುವ ಮೂರು ಹೂಗಳ ಹೆಸರು ಬರೆಯಿರಿ.