ತಲೆ ಮೇಲಿನ ದೇವರಿಗೆ ಬಾಗಿಲು, ಹೊತ್ತವರಿಗೆ ಬೀಗ

ಅಂಬಾಜಿದುರ್ಗದ ಬೆಟ್ಟದಲ್ಲಿ ಬಂಡೆ ಕೊರೆದು ಮಾಡಿದ ಕೈಲಾಸಗಿರಿಯ ಗುಹೆ ಕಂಡ ನಮ್ಮ ಜನಕ್ಕೆ ಶಿಲ್ಪ ಅಂದ್ರೆ ಕಲ್ಲು. ಉಳಿ, ಸುತ್ತಿಗೆ, ಬೆವರು. ಆದರೆ ಈಗಿನ ಶಿಲ್ಪಿಗಳು ಕಲ್ಲನ್ನೇ ಕಾದು ಕೂರೋದಿಲ್ಲ. ಹಳೇ ಸೀರೆ, ತಗಡು, ಹಾಸಿಗೆ, ಬಳೆ ಚೂರು, ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಸಿ ನಿಲ್ಲಿಸುತ್ತಾರೆ. ಮಿಕ್ಸೆಡ್ ಮೀಡಿಯಾ ಅಂತ ಅದಕ್ಕೆ ಹೆಸರು. 'ಇದೆಂಥಾ ಶಿಲ್ಪ, ಗುಜರಿ ಅಂಗಡಿ' ಅಂತ ನಗಬೇಡಿ ಸ್ವಾಮಿ. ಅಂಥಾದ್ದೊಂದು ನಮ್ಮ ಕರ್ನಾಟಕದಲ್ಲೇ ತಲೆ ಮೇಲೆ ಕೂತು ಊರೂರು ತಿರುಗುತ್ತಿದೆ.

ಉತ್ತರ ಕರ್ನಾಟಕದ ಜೋಗತಿಯರು ಹೊರುವ ಯಲ್ಲಮ್ಮನ ಕೊಡ ನೋಡಿ. ಲೋಹದ ಕೊಡ, ಇಲ್ಲವೇ ಬಿದಿರಿನ ಬುಟ್ಟಿ. ಅದರಲ್ಲಿ ದೇವಿಯ ಮುಖ, ಸುತ್ತ ಸೀರೆ, ನವಿಲುಗರಿ, ಬೇವಿನ ಸೊಪ್ಪು, ಮಣಿಸರ, ಭಂಡಾರ. ಪಾತ್ರೆ ಅಂಗಡಿ, ಬಟ್ಟೆ ಅಂಗಡಿ, ಗ್ರಂಧಿಗೆ ಅಂಗಡಿಯ ಸರಕೆಲ್ಲ ಒಂದಾದರೆ ದೇವರು! ಹೊತ್ತವರಲ್ಲಿ ಹಲವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು. ಹೆತ್ತ ಮನೆ ತಪ್ಪಿಹೋದವರಿಗೆ ಆ ಕೊಡವೇ ದೇವರ ಮನೆ, ಅದೇ ಅನ್ನದ ದಾರಿ. ಹೊತ್ತುಕೊಂಡು ನಡೆಯಬಹುದಾದ ಮನೆ ಅಂದರೂ ಸರಿಯೇ.

ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅಂಥವರೊಬ್ಬರು. ಎಳೆ ವಯಸ್ಸಿನಲ್ಲೇ ಒಳಗಿನ ಹೆಣ್ತನ ಹೊರಗೆ ಕಂಡಿತು. ಮನೆಯವರು ಮುತ್ತು ಕಟ್ಟಿಸಿದರು. ಆಮೇಲೆ ಆ ಮನೆಯಲ್ಲಿ ಜಾಗ ಉಳಿಯಲಿಲ್ಲ. ವಿಷ ಕುಡಿದು ಬದುಕಿದರು, ಭಿಕ್ಷೆ ಬೇಡಿದರು. ಕಾಳವ್ವ ಜೋಗತಿಯವರ ಜೊತೆ ಸೇರಿ ಕೊಡ ಹೊತ್ತು ಕುಣಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ಅವರಿಗೇ ದೃಷ್ಟಿ ತೆಗೆದರು. ದೇಶವೇ ಟೀವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿತು.

ದೇಶ ಬೇರೆಯಾದರೂ ಸಂಕಟ ಒಂದೇ. ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬಾಳಿದ ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ ಅನ್ನೋ ಕಲಾವಿದ ಗಂಡಸು, ಅವನ ಬಾಳಸಂಗಾತಿ ರಾಸ್ ಕೂಡ ಗಂಡಸು. 1991ರಲ್ಲಿ ರಾಸ್ ಏಡ್ಸ್‌ನಿಂದ ತೀರಿಕೊಂಡ. ಅದೇ ವರ್ಷ ಫೆಲಿಕ್ಸ್ ಬಣ್ಣದ ಕಾಗದ ಸುತ್ತಿದ ಪೆಪ್ಪರಮಿಂಟನ್ನು ಗೋಡೆ ಮೂಲೆಯಲ್ಲಿ ರಾಶಿ ಸುರಿದ. ತೂಕ ಸುಮಾರು 79 ಕೆ.ಜಿ., ಒಬ್ಬ ಆರೋಗ್ಯವಂತ ಮನುಷ್ಯನ ತೂಕ. ಬಂದವರು ಒಂದೊಂದು ತೆಗೆದು ಬಾಯಿಗೆ ಹಾಕಿಕೊಂಡಂತೆ ರಾಶಿ ಕರಗುತ್ತದೆ, ರೋಗಿ ಕರಗಿದ ಹಾಗೆ. ಮತ್ತೆ ತಂದು ತುಂಬುತ್ತಾರೆ. ತಕ್ಕಡಿ ಹಿಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕೆ?

1992ರಲ್ಲಿ ಅದೇ ಫೆಲಿಕ್ಸ್ ನ್ಯೂಯಾರ್ಕಿನ 24 ಕಡೆ, ಸೋಪಿನ ಜಾಹೀರಾತು ಹಾಕುವ ದೊಡ್ಡ ಬೋರ್ಡುಗಳ ಮೇಲೆ ಒಂದು ಫೋಟೋ ಹಾಕಿಸಿದ. ಖಾಲಿ ಹಾಸಿಗೆ, ಎರಡು ದಿಂಬು, ದಿಂಬಿನ ಮೇಲೆ ತಲೆ ಒತ್ತಿದ ಗುರುತು. ಒಂದಕ್ಷರ ಬರೆದಿರಲಿಲ್ಲ. ಬೀದಿಯಲ್ಲಿ ಓಡಾಡುವವರೆಲ್ಲ ಕತ್ತೆತ್ತಿ ನೋಡಿದ್ದು ಎರಡು ಜೀವ ಬಾಳಿದ ಒಂದು ಮನೆಯನ್ನು.

ನ್ಯೂಯಾರ್ಕ್ ದೂರವಾಯ್ತು ಅಂದ್ರೆ ನಮ್ಮ ಕೋಲಾರ, ಬೆಂಗಳೂರು ಕಡೆಯ ಕರಗಕ್ಕೇ ಬನ್ನಿ. ಕೊಡದ ಮೇಲೆ ಮಲ್ಲಿಗೆಯ ಗೋಪುರ. ಹೊರುವವರು ಗಂಡಸು. ಮೈ ಮೇಲೆ ಸೀರೆ, ಕೈಗೆ ಬಳೆ, ಕೊರಳಿಗೆ ತಾಳಿ. ಅದು ದ್ರೌಪದಮ್ಮನ ವ್ರತ. ಹೊರುವವರನ್ನು ಯಾರೂ ಮಂಗಳಮುಖಿ ಅನ್ನೋದಿಲ್ಲ, ಅನ್ನಲೂಬಾರದು. ಆದರೂ ಒಂದು ಮಾತು ನಿಜ. ಸೀರೆ ಉಟ್ಟ ಗಂಡಸು ಬೀದಿಗೆ ಬಂದರೆ ಊರು ಕೆಡುತ್ತೆ ಅಂತ ಆ ರಾತ್ರಿ ಯಾರಿಗೂ ಅನ್ನಿಸೋದಿಲ್ಲ. ಮನೆ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟು ಕಾಯುತ್ತಾರೆ.

ಬೆಳಗಾದ ಮೇಲಿನ ಕತೆಯೇ ಬೇರೆ. ಮಂಗಳಮುಖಿ ಅಂಗಡಿ ಮುಂದೆ ನಿಂತರೆ ಕಾಸು ಕೊಟ್ಟು ಆಶೀರ್ವಾದ ಮಾಡಿಸಿಕೊಳ್ಳುವ ಸಾಹುಕಾರರೇ, ಅದೇ ಹೆಂಗಸು 'ಅಣ್ಣಾ, ಹಿಂದಿನ ರೂಮು ಬಾಡಿಗೆಗೆ ಕೊಡ್ತೀರಾ' ಅಂದ್ರೆ? 'ನಮ್ಮದೇನೂ ಇಲ್ಲಮ್ಮ, ಅಕ್ಕಪಕ್ಕದೋರು ಒಪ್ಪಲ್ಲ' ಅನ್ನೋ ಮಾತು ನಾಲಿಗೆ ತುದಿಯಲ್ಲೇ ಇರುತ್ತೆ. ಬಸ್ಸಿನಲ್ಲಿ ಪಕ್ಕ ಕೂತರೆ ಎದ್ದು ನಿಂತೇ ಊರು ಸೇರುವವರೂ ಇದ್ದಾರೆ. ಆಶೀರ್ವಾದ ಬೇಕು, ಅಕ್ಕಪಕ್ಕ ಬೇಡ!

ಕಾನೂನು ನಮಗಿಂತ ಮುಂದೆ ಹೋಗಿದೆ. ಒಪ್ಪಿ ಕೂಡುವ ವಯಸ್ಕರನ್ನು ಅಪರಾಧಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. 2019ರಲ್ಲಿ ಪಾಸಾದ ತೃತೀಯ ಲಿಂಗಿಗಳ ಕಾಯ್ದೆ, ಹೆತ್ತವರ ಮನೆಯಲ್ಲಿ ಇರುವ ಹಕ್ಕು ಅವರಿಗುಂಟು ಅಂತ ಬರೆಯಿತು. ಬಾಡಿಗೆ ಮನೆಯ ವಿಷಯದಲ್ಲಿ ಭೇದ ಮಾಡಬಾರದು ಅಂತಲೂ ಬರೆಯಿತು. ಆದರೆ ಬೀಗದ ಕೈ ಇರೋದು ಡೆಲ್ಲಿಯಲ್ಲಲ್ಲ, ಮನೆ ಮಾಲೀಕರ ಸೊಂಟದಲ್ಲಿ.

ಕೊಡ ಹೊತ್ತು ಕುಣಿಯೋದನ್ನ ಕಲೆ ಅಂತ ಒಪ್ಪಿ ಪದ್ಮಶ್ರೀ ಕೊಟ್ಟಿದ್ದಾಯ್ತು. ತಲೆ ಮೇಲೆ ಕೊಡವಿಲ್ಲದೆ ಬರೋರನ್ನೂ ಮನುಷ್ಯರು ಅಂತ ಒಪ್ಪಬೇಕು. ಮುಂದಿನ ಸಲ ಅಂಗಡಿಗೆ ಬಂದಾಗ ಎರಡು ರೂಪಾಯಿ ಬಿಸಾಡುವ ಬದಲು 'ಎಲ್ಲಿ ಇದೀಯಮ್ಮ, ಮನೆ ಸಿಕ್ತಾ?' ಅಂತ ಒಂದು ಮಾತು ಕೇಳಿ ನೋಡಿ. ಸಿಕ್ಕಿಲ್ಲ ಅಂದ್ರೆ, ಹಿಂದಿನ ರೂಮು ಖಾಲಿ ಇದೆಯಲ್ಲಾ ಸ್ವಾಮಿ.