ಪಂದ್ಯದ ದೋಣಿಯಂತ್ರವೂ ಕಿವಿಯ ಆರೋಗ್ಯವೂ

ಹಳೆಯ ಮೋಟಾರು ಕಾರುಗಳನ್ನು ಕೊಂಡು, ತಿದ್ದಿ ತೀಡಿ, ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳು ನಮ್ಮ ಮಹಾನಗರಗಳಲ್ಲಿಯೂ ಉಂಟು. ಅಮೆರಿಕದಲ್ಲಿ ಇದೇ ಹವ್ಯಾಸ ನೀರಿಗೂ ಇಳಿದಿದೆ. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ‘ಔಟ್‌ಬೋರ್ಡ್ ಮೋಟಾರು’ಗಳಲ್ಲಿ, ಪಂದ್ಯಕ್ಕೆಂದೇ ನಿರ್ಮಿತವಾದ ಹಳೆಯವನ್ನು ಅರಸಿ ತಂದು ಓಡಿಸುವವರು ಅಲ್ಲಿ ಅನೇಕರಿದ್ದಾರೆ. ಈ ಹವ್ಯಾಸದಲ್ಲಿ ವಿನೋದದೊಡನೆ ಆರೋಗ್ಯದ ಪಾಠವೂ ಅಡಗಿದೆ.

ನಾರ್ವೆಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್, 1909ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕೀ ನಗರದಲ್ಲಿ ಇಂತಹ ಯಂತ್ರವನ್ನು ಮಾರಾಟಕ್ಕೆ ತಂದನು. ಅದೇ ಸಂಸ್ಥಾನದಲ್ಲಿ 1939ರಲ್ಲಿ ಕಾರ್ಲ್ ಕೀಕ್‌ಹೇಫರ್ ಆರಂಭಿಸಿದ ಕಂಪನಿಯ ‘ಮರ್ಕ್ಯುರಿ’ ಯಂತ್ರಗಳು 1950ರ ದಶಕದ ಪಂದ್ಯಗಳಲ್ಲಿ ಖ್ಯಾತಿವೆತ್ತವು. ಆ ಕಾಲದ ‘ಮಾರ್ಕ್ 20ಎಚ್’ ಇಂದಿಗೂ ಸಂಗ್ರಾಹಕರಿಗೆ ಅಚ್ಚುಮೆಚ್ಚು. ಅದರ ಎರಡು ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು 20 ಘನ ಅಂಗುಲ, ಎಂದರೆ 330 ಸಿ.ಸಿ.ಯಷ್ಟು. ಹಳೆಯ ಸ್ಕೂಟರುಗಳಂತೆಯೇ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಯಂತ್ರವಿದು.

ಕೊಳ್ಳುವವನು ಬಣ್ಣಕ್ಕೆ ಮರುಳಾಗಬಾರದು. ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಿ, ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆಯಬೇಕು. ಎರಡರ ನಡುವೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಿನ ಅಂತರವಿದ್ದರೆ ಪಿಸ್ಟನ್ನಿನ ರಿಂಗುಗಳೋ ಸಿಲಿಂಡರಿನ ಗೋಡೆಯೋ ಸವೆದಿರುವ ಸಂಭವ ಹೆಚ್ಚು. ಮ್ಯಾಗ್ನೆಟೋದಿಂದ ಕಿಡಿ ಬಲವಾಗಿ ಬರುತ್ತಿದೆಯೇ ಎಂದು ನೋಡಬೇಕು. ಗೇರಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ನುಗ್ಗಿದೆಯೆಂದೇ ಅರ್ಥ. ಉಪ್ಪುನೀರಿನಲ್ಲಿ ಓಡಿ, ತೊಳೆಯದೆ ಬಿಟ್ಟ ಯಂತ್ರವು ಅಗ್ಗವಾಗಿ ದೊರೆತರೂ ದುಬಾರಿಯೇ ಸರಿ.

ಮುಂದಿನದು ಶ್ರುತಿಗೂಡಿಸುವ ಕಾರ್ಯ. ಕಾರ್ಬ್ಯುರೇಟರಿನ ಸೂಜಿಯನ್ನು ತುಸು ಹೆಚ್ಚಾಗಿ ಮುಚ್ಚಿದರೆ ಪೆಟ್ರೋಲು ಸಾಲದೆ, ಯಂತ್ರವು ಕೆಲವು ಕ್ಷಣ ಉತ್ಸಾಹದಿಂದ ಓಡಿ, ಮಿತಿಮೀರಿ ಕಾದು, ಪಿಸ್ಟನ್ನೇ ತೂತಾಗಬಹುದು. ಹೆಚ್ಚಾಗಿ ತೆರೆದರೆ ಯಂತ್ರ ತೊದಲುತ್ತದೆ, ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಈ ಎರಡರ ನಡುವಿನ ಹದವನ್ನು ನುರಿತವರು ಕಿವಿಯಿಂದಲೇ ಗುರುತಿಸುವರು. ವೀಣೆಯನ್ನು ಶ್ರುತಿಗೊಳಿಸುವ ವೈಣಿಕನಂತೆ ಅವರಿಗೂ ಕಿವಿಯೇ ಮುಖ್ಯ ಸಾಧನ.

ವಿಪರ್ಯಾಸವಿರುವುದು ಇಲ್ಲಿಯೇ. ಪಂದ್ಯದ ಯಂತ್ರಗಳ ಹೊಗೆಕೊಳವೆಗೆ ಸದ್ದಡಗಿಸುವ ಸಾಧನವಿರುತ್ತಿರಲಿಲ್ಲ. ಚಾಲಕನು ಮೊಳಕಾಲೂರಿ ಕುಳಿತರೆ ಯಂತ್ರವು ಅವನ ಬೆನ್ನ ಹಿಂದೆಯೇ ಗರ್ಜಿಸುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಲಾಗದು; ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಂತೆ 100 ಡೆಸಿಬೆಲ್‌ಗೆ ಉಳಿಯುವುದು ಕೇವಲ 15 ನಿಮಿಷ!

ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಒಳಗಿವಿಯಲ್ಲಿ ಸೂಕ್ಷ್ಮ ರೋಮಗಳುಳ್ಳ ಜೀವಕೋಶಗಳಿವೆ. ಅತಿಯಾದ ಸದ್ದಿಗೆ ಅವು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಕುಂದುವುದು ಏರುಸ್ವರಗಳನ್ನು ಕೇಳುವ ಶಕ್ತಿ. ‘ಸ’, ‘ಶ’ಗಳಂತಹ ಧ್ವನಿಗಳು ಜಾರಿಹೋಗಿ, ‘ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ’ ಎಂಬ ಸ್ಥಿತಿ ಒದಗುತ್ತದೆ. ಕೆಲವರಿಗೆ ಕಿವಿಯೊಳಗೆ ಗುಂಯ್ ಎಂಬ ನಾದ ಹಗಲಿರುಳೂ ನಿಲ್ಲದು. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಲದು. ಸ್ಪಂಜಿನಂತಹ ಬಿರಡೆಗಳನ್ನು ಸರಿಯಾಗಿ ಒಳಗಿಟ್ಟು, ಮೇಲೆ ಕರ್ಣಕವಚವನ್ನೂ ಧರಿಸುವುದು ಲೇಸು. ಹದ ತಿಳಿಯಲು ಕಿವಿಯನ್ನೇ ಒಡ್ಡಬೇಕಾಗಿಯೂ ಇಲ್ಲ. ಪೂರ್ಣ ವೇಗದಲ್ಲಿ ಓಡುವಾಗ ಯಂತ್ರವನ್ನು ಥಟ್ಟನೆ ನಿಲ್ಲಿಸಿ, ಪ್ಲಗ್ ಕಳಚಿ ಬಣ್ಣ ನೋಡಿದರೆ ಸಾಕು. ಪೆಟ್ರೋಲಿನ ಯಂತ್ರದಲ್ಲಿ ಕಂದುಬಣ್ಣ ಹದದ ಗುರುತು, ಬಿಳುಪು ಅಪಾಯದ ಗುರುತು. ಸುತ್ತುಗಳನ್ನು ಎಣಿಸಲು ಟ್ಯಾಕೋಮೀಟರು ಉಂಟು.

ಇಂಧನದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕೆಲವು ಪಂದ್ಯಗಳಲ್ಲಿ ಪೆಟ್ರೋಲಿನ ಬದಲು ಮೆಥನಾಲ್ ಬಳಸುವರು. ಅದರೊಡನೆ ಬೆರೆಯುವ ಎಣ್ಣೆಯೆಂದರೆ, ಮನೆಮನೆಯ ಅಜ್ಜಿಯರು ಮೊಮ್ಮಕ್ಕಳ ಹೊಟ್ಟೆಶುದ್ಧಿಗೆ ಕುಡಿಸುತ್ತಿದ್ದ ಹರಳೆಣ್ಣೆ! ಎಣ್ಣೆ ಸಾಧುವಾದರೂ ಮೆಥನಾಲ್ ಘೋರ ವಿಷ. 2015ರಲ್ಲಿ ಮುಂಬಯಿಯ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಕಳ್ಳಸಾರಾಯಿಯಲ್ಲಿದ್ದುದು ಇದೇ ದ್ರವ. ಇದು ಚರ್ಮದ ಮೂಲಕವೂ ದೇಹ ಸೇರಿ, ದೃಷ್ಟಿನರವನ್ನು ಕೆಡಿಸಬಲ್ಲದು. ಇದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಮುಚ್ಚಿದ ಕೊಠಡಿಯಲ್ಲಿ ಯಾವ ಯಂತ್ರವನ್ನೂ ಚಾಲೂ ಮಾಡಕೂಡದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಚಾಲಕ ನೀರಿಗೆ ಬಿದ್ದೊಡನೆ ಯಂತ್ರವನ್ನು ನಿಲ್ಲಿಸುವ ಹಗ್ಗವನ್ನು ಮೈಗೆ ಕಟ್ಟಿಕೊಳ್ಳದೆ ದೋಣಿ ಹೊರಡಿಸಲೂಬಾರದು.

ಈ ಎಚ್ಚರಿಕೆ ಅಮೆರಿಕದ ಹವ್ಯಾಸಿಗಳಿಗಷ್ಟೇ ಮೀಸಲಲ್ಲ. ಕರಾವಳಿಯ ನಾಡದೋಣಿಗಳಲ್ಲಿಯೂ ಔಟ್‌ಬೋರ್ಡ್ ಯಂತ್ರಗಳಿವೆ. ಅವುಗಳ ಬಳಿ ಕುಳಿತು ದುಡಿಯುವ ಮೀನುಗಾರರ ಕಿವಿಯೂ ಅಂತಹುದೇ. ನಗರದ ಕಾರ್ಖಾನೆಗಳಲ್ಲಿ, ಮುದ್ರಣಾಲಯಗಳಲ್ಲಿ ದುಡಿಯುವ ಬಂಧುಗಳೂ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಎಪ್ಪತ್ತು ವರ್ಷದ ಯಂತ್ರಕ್ಕೂ ಹುಡುಕಿದರೆ ಬಿಡಿಭಾಗ ದೊರೆಯುತ್ತದೆ. ಒಳಗಿವಿಯ ರೋಮಕೋಶಗಳು ಮಾತ್ರ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.